ಅಲೆಯ ದಾನ, ನೆಲೆಯ ದಾನ

ದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಚನೆ ಇರಬೇಕೆಂಬುದು ಭಾರತೀಯರಿಗೆ ಹೊಸ ಮಾತಲ್ಲ. ಭಗವದ್ಗೀತೆಯ 17ನೆಯ ಅಧ್ಯಾಯವು ದಾನವನ್ನು ಸಾತ್ತ್ವಿಕ, ರಾಜಸ, ತಾಮಸವೆಂದು ಮೂರು ಬಗೆಯಾಗಿ ವಿಂಗಡಿಸಿ, ಪ್ರತಿಫಲವನ್ನು ಬಯಸದೆ ಕರ್ತವ್ಯವೆಂಬ ಭಾವದಿಂದ ಕೊಟ್ಟದ್ದನ್ನು ಮೊದಲ ಸಾಲಿನಲ್ಲಿರಿಸುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಊರಿನ ಹಿರಿಯರೂ ಹೇಳುತ್ತಿದ್ದರು. ಇಂದಾದರೋ ಎಡಗೈ ಮೊಬೈಲನ್ನು ಎತ್ತಿ ಹಿಡಿದು ಚಿತ್ರ ತೆಗೆದಲ್ಲದೆ ಬಲಗೈ ಕೊಡಲೊಲ್ಲದು ಎಂಬಂತಾಗಿದೆ.

ವಿಷಯ ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಾಗಿತ್ತು. ಆದರೆ ಇದರಲ್ಲಿ ರೋಗಿಗಳ ಆಯುಷ್ಯದ ಪ್ರಶ್ನೆ ಅಡಗಿದೆ. ಹೊಸ ಮಾದರಿಯ ದಾನವು ಅಲೆಯಂತೆ ಏರಿ ಅಲೆಯಂತೆ ಇಳಿದುಹೋಗುತ್ತದೆ. ರೋಗವು ಹಾಗೆ ಇಳಿದುಹೋಗುವುದಿಲ್ಲ.

ಒಂದು ಬಕೆಟ್ ತಣ್ಣೀರು

2014ರ ಬೇಸಗೆಯಲ್ಲಿ ಅಮೆರಿಕದಲ್ಲಿ ‘ಐಸ್ ಬಕೆಟ್ ಸವಾಲು’ ಎಂಬುದೊಂದು ಹಬ್ಬಿತು. ಮಂಜುಗಡ್ಡೆ ಬೆರೆತ ನೀರನ್ನು ತಲೆಯ ಮೇಲೆ ಸುರಿದುಕೊಂಡು, ಅದರ ಚಿತ್ರವನ್ನು ಪ್ರಕಟಿಸಿ, ಇತರರಿಗೂ ಸವಾಲೆಸೆಯುವುದು ಅದರ ಕ್ರಮ. ಇದರ ಹಿಂದಿದ್ದುದು ಎ.ಎಲ್.ಎಸ್. ಎಂಬ ಕ್ರೂರ ವ್ಯಾಧಿ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸತ್ತು, ರೋಗಿಯ ಕೈಕಾಲು, ಮಾತು, ಕೊನೆಗೆ ಉಸಿರಾಟವೂ ಸೋಲುತ್ತದೆ. ಆ ವರ್ಷದ ಜುಲೈ 29ರಿಂದ ಆಗಸ್ಟ್ 28ರವರೆಗಿನ ಒಂದೇ ತಿಂಗಳಲ್ಲಿ ಅಮೆರಿಕದ ಎ.ಎಲ್.ಎಸ್. ಸಂಸ್ಥೆಗೆ 10 ಕೋಟಿ ಡಾಲರಿಗೂ ಮಿಕ್ಕಿ ದೇಣಿಗೆ ಬಂದಿತು. ಹಿಂದಿನ ವರ್ಷ ಅದೇ ಅವಧಿಯಲ್ಲಿ ಬಂದದ್ದು 28 ಲಕ್ಷ ಡಾಲರು ಮಾತ್ರ.

ಆ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೆಂದರೆ ಅನ್ಯಾಯವಾದೀತು. ಅದರ ನೆರವಿನಿಂದ ನಡೆದ ಸಂಶೋಧನೆಯ ಫಲವಾಗಿ, ಈ ರೋಗಕ್ಕೆ ಸಂಬಂಧಿಸಿದ ವಂಶವಾಹಿಯೊಂದು 2016ರಲ್ಲಿ ಪತ್ತೆಯಾಯಿತು. ಅದೇ ಹಣದ ಒಂದು ಪಾಲಿನಿಂದ ಪರೀಕ್ಷೆಗೊಳಗಾದ ಔಷಧವೊಂದಕ್ಕೆ 2022ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿಯೂ ದೊರೆಯಿತು. ಆದರೆ ಮುಂದೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನವಿಲ್ಲವೆಂದು ಕಂಡುದರಿಂದ 2024ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆಯಲಾಯಿತು. ಸಂಶೋಧನೆಯ ದಾರಿ ಹೀಗೆ ಏಳುಬೀಳಿನದು, ದೀರ್ಘವಾದದ್ದು. ಜನರ ಉತ್ಸಾಹವಾದರೋ ಒಂದು ಬೇಸಗೆಯದು. 2015ರಲ್ಲಿ ಸಂಸ್ಥೆಯು ಮತ್ತೆ ಕರೆಯಿತ್ತಾಗ ಹಿಂದಿನ ವರ್ಷದ ಮೊತ್ತದ ಸಣ್ಣದೊಂದು ಅಂಶ ಮಾತ್ರ ಕೂಡಿಬಂದಿತು. ರೋಗ ಇದ್ದಲ್ಲೇ ಇತ್ತು. ಬಕೆಟ್ ಮೂಲೆ ಸೇರಿತ್ತು.

ಮುಖ ನೋಡಿ ಮಣೆ

ಕರುಣೆಯೂ ಮುಖ ನೋಡಿ ಮಣೆ ಹಾಕುತ್ತದೆಯೆಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ತೋರಿಸಿದ್ದಾರೆ. ಪಾಲ್ ಸ್ಲೋವಿಕ್ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಭಾಗವಹಿಸಿದವರಿಗೆ 5 ಡಾಲರು ಕೊಟ್ಟು, ಅದರಲ್ಲಿ ಇಷ್ಟವಿದ್ದಷ್ಟನ್ನು ಹಸಿದವರಿಗಾಗಿ ನೀಡಬಹುದೆಂದು ತಿಳಿಸಲಾಗಿತ್ತು. ಆಫ್ರಿಕದ ಒಬ್ಬ ಬಾಲಕಿಯ ಹೆಸರನ್ನೂ ಚಿತ್ರವನ್ನೂ ಕಂಡವರು ಸರಾಸರಿ 2.38 ಡಾಲರು ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿ-ಅಂಶಗಳನ್ನು ಓದಿದವರು ಕೊಟ್ಟದ್ದು 1.14 ಡಾಲರು. ಬಾಲಕಿಯ ಚಿತ್ರದೊಡನೆ ಅಂಕಿ-ಅಂಶಗಳನ್ನೂ ಸೇರಿಸಿ ಕೊಟ್ಟಾಗ ದೇಣಿಗೆ ಹೆಚ್ಚುವುದರ ಬದಲು 1.43ಕ್ಕೆ ಇಳಿಯಿತು. ಲೆಕ್ಕವು ಎದುರಿಗೆ ಬಂದೊಡನೆ ಹೃದಯ ಹಿಂಜರಿಯಿತೆಂದೇ ಇದರ ಅರ್ಥ.

ಮಹಾನಗರದ ಮೊಬೈಲುಗಳಿಗೆ ದಿನನಿತ್ಯ ಬಂದು ಬೀಳುವ ವಿನಂತಿಗಳೂ ಇದೇ ಜಾಡಿನವು. ಬೆನ್ನುಹುರಿಯ ಸ್ನಾಯುಕ್ಷಯವೆಂಬ ಅಪೂರ್ವ ರೋಗವುಳ್ಳ ಶಿಶುಗಳ ವಂಶವಾಹಿ ಚಿಕಿತ್ಸೆಗಾಗಿ, ಸುಮಾರು 16 ಕೋಟಿ ರೂಪಾಯಿ ಬೆಲೆಯ ಒಂದು ಚುಚ್ಚುಮದ್ದಿಗೆ ಸಾರ್ವಜನಿಕರಿಂದ ಹಣ ಕೂಡಿದ ಉದಾಹರಣೆಗಳು ಭಾರತದಲ್ಲಿಯೇ ಇವೆ. ಮಗುವನ್ನು ಉಳಿಸಿಕೊಳ್ಳಲು ಕೈಚಾಚುವ ತಾಯಿತಂದೆಯರನ್ನು ಯಾರೂ ದೂರಲಾರರು. ಕೊಟ್ಟವರ ಸದ್ಭಾವವನ್ನೂ ಶಂಕಿಸಬೇಕಾಗಿಲ್ಲ. ಆದರೆ ಚೆಲುವಾದ ಭಾವಚಿತ್ರವಿಲ್ಲದ, ಇಂಗ್ಲಿಷಿನಲ್ಲಿ ವಿನಂತಿ ಬರೆಯಬಲ್ಲ ಬಂಧುಗಳಿಲ್ಲದ ಮಗುವಿನ ಗತಿಯೇನು? ಅದರ ನೋವು ಕಡಿಮೆಯದಲ್ಲ; ಅದು ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಚಿತ್ರಕ್ಕೆ ಒಗ್ಗದ ರೋಗ

ಕಣ್ಣಿಗೆ ಬೀಳದ ರೋಗಗಳಲ್ಲಿ ಕ್ಷಯಕ್ಕೆ ಅಗ್ರಸ್ಥಾನ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಭಾರತದಲ್ಲಿ ಸುಮಾರು 28 ಲಕ್ಷ ಜನರಿಗೆ ಕ್ಷಯ ತಗುಲಿತು. ಇದು ಜಗತ್ತಿನ ಒಟ್ಟು ಕ್ಷಯರೋಗಿಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು. ಅದೇ ವರ್ಷ ಮಡಿದವರು 3 ಲಕ್ಷಕ್ಕೂ ಮಿಕ್ಕಿ. ಗಾಳಿ-ಬೆಳಕಿಲ್ಲದ ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವ ಮಹಾನಗರದ ಚಾಳುಗಳು, ಜೋಪಡಿಗಳು ಇದಕ್ಕೆ ಹೇಳಿಮಾಡಿಸಿದ ತಾಣಗಳು. ಆದರೂ ಕ್ಷಯಕ್ಕಾಗಿ ಯಾರೂ ತಲೆಯ ಮೇಲೆ ನೀರು ಸುರಿದುಕೊಳ್ಳಲಿಲ್ಲ. ರೋಗಿಯೂ ತನ್ನ ಚಿತ್ರವನ್ನು ಹಂಚಲಾರ. ನೆರೆಹೊರೆಯವರಿಗೆ ತಿಳಿದರೆ ಮಗಳ ಮದುವೆ ತಪ್ಪೀತು, ಕೆಲಸ ಹೋದೀತು ಎಂಬ ಭಯದಿಂದ ಕೆಮ್ಮನ್ನೂ ಅಡಗಿಸಿಕೊಳ್ಳುವವನು ಅವನು.

ಐಸ್ ಬಕೆಟ್ ಸುದ್ದಿಯಲ್ಲಿದ್ದ 2014ರಲ್ಲಿಯೇ ಹೈದರಾಬಾದಿನ ಪತ್ರಕರ್ತೆಯೊಬ್ಬರು, ನೀರನ್ನು ಪೋಲು ಮಾಡುವುದರ ಬದಲು ಒಂದು ಬಕೆಟ್ ಅಕ್ಕಿಯನ್ನು ಹಸಿದವರಿಗೆ ಕೊಡಿರೆಂದು ‘ರೈಸ್ ಬಕೆಟ್ ಸವಾಲ’ನ್ನು ಆರಂಭಿಸಿದರು. ನಾಡಿನ ಸ್ಥಿತಿಯನ್ನು ಬಲ್ಲ ವಿವೇಕದ ಮಾತು ಅದು. ಆದರೆ ಒಂದು ಬಕೆಟ್ ಅಕ್ಕಿ ಎಷ್ಟು ದಿನ ಬಂದೀತು? ಅದೇ ಅಕ್ಕಿ ತಿಂಗಳು ತಿಂಗಳೂ ತಪ್ಪದೆ ಬಂದರೆ ಏನಾಗುತ್ತದೆ?

ಈ ಪ್ರಶ್ನೆಗೆ ಉತ್ತರವೂ ದೊರೆತಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ಮುಂದಾಳುತನದಲ್ಲಿ ಝಾರ್ಖಂಡ್ ರಾಜ್ಯದಲ್ಲಿ ನಡೆದ ಅಧ್ಯಯನವೊಂದು 2023ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲ ರೋಗಿಗಳಿಗೂ ತಿಂಗಳಿಗೆ 10 ಕಿಲೋ ಆಹಾರಸಾಮಗ್ರಿ ಕೊಡಲಾಗುತ್ತಿತ್ತು. ಅರ್ಧದಷ್ಟು ಕುಟುಂಬಗಳಲ್ಲಿ ಮನೆಯ ಇತರರಿಗೂ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆಯಂತೆ ಪ್ರತಿ ತಿಂಗಳು ಪಡಿ ಮುಟ್ಟಿಸಲಾಯಿತು. ಈ ಪಡಿ ದೊರೆತ ಮನೆಗಳ ಜನರಲ್ಲಿ ಹೊಸದಾಗಿ ಕ್ಷಯ ತಗುಲುವ ಪ್ರಮಾಣ ಶೇಕಡಾ 39ರಷ್ಟು ಇಳಿಯಿತು. ಇತರರಿಗೆ ಅಂಟಬಲ್ಲ ಬಗೆಯ ಕ್ಷಯವಂತೂ ಶೇಕಡಾ 48ರಷ್ಟು ಕಡಿಮೆಯಾಯಿತು. ಹಸಿದ ಒಡಲಲ್ಲಿ ಕ್ಷಯ ಬೇಗ ಬೇರೂರುತ್ತದೆ. ಹೊಟ್ಟೆ ತುಂಬಿದರೆ ದೇಹವು ಅದನ್ನು ತಡೆದು ನಿಲ್ಲಿಸುತ್ತದೆ. ಇಲ್ಲಿ ಪವಾಡವೇನೂ ಇಲ್ಲ. ಅಕ್ಕಿ, ಬೇಳೆ ಮತ್ತು ತಪ್ಪದ ಕ್ರಮ, ಇಷ್ಟೇ.

ಸಂಘಗಳ ಪಾತ್ರ

ಹೊರನಾಡಿನ ಕನ್ನಡ ಸಂಘಗಳಿಗೆ ಇದು ಕೈಗೆಟುಕುವ ಕಾರ್ಯ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ‘ನಿಕ್ಷಯ್ ಮಿತ್ರ’ ಯೋಜನೆಯನ್ನು ಆರಂಭಿಸಿತು. ವ್ಯಕ್ತಿಗಳಾಗಲಿ ಸಂಘಸಂಸ್ಥೆಗಳಾಗಲಿ ಹೆಸರು ನೋಂದಾಯಿಸಿ, ಒಪ್ಪಿಗೆಯಿತ್ತ ಕ್ಷಯರೋಗಿಗಳಿಗೆ ಕನಿಷ್ಠ 6 ತಿಂಗಳು ಆಹಾರದ ಬುಟ್ಟಿಯನ್ನು ಒದಗಿಸಬಹುದು. ರೋಗಿಯ ಚಿತ್ರವನ್ನು ಪ್ರಕಟಿಸದೆಯೂ ಈ ಕೆಲಸ ಸಾಂಗವಾಗಿ ನಡೆಯುತ್ತದೆ. ರಾಜ್ಯೋತ್ಸವದ ದಿನ ಒಮ್ಮೆ ಹಣ್ಣು-ಬ್ರೆಡ್ಡು ಹಂಚಿ ಬರುವುದಕ್ಕಿಂತ, ಐದು ರೋಗಿಗಳನ್ನು ಆರು ತಿಂಗಳು ನೋಡಿಕೊಂಡ ಸಂಘದ ವರದಿ ಹೆಚ್ಚು ತೂಕದ್ದಾದೀತು.

ರಕ್ತದಾನದಲ್ಲಿಯೂ ಇದೇ ನ್ಯಾಯ. ದುರಂತದ ಮರುದಿನ ಆಸ್ಪತ್ರೆಯ ಮುಂದೆ ಸಾಲು ನಿಲ್ಲುವವರಿಗೆ ಕೊರತೆಯಿಲ್ಲ. ಆದರೆ ಕೆಂಪು ರಕ್ತಕಣಗಳು ಶೀತಲಪೆಟ್ಟಿಗೆಯಲ್ಲಿ ಬಾಳುವುದು 35ರಿಂದ 42 ದಿನ. ಪ್ಲೇಟ್‌ಲೆಟ್‌ಗಳಾದರೆ 5 ದಿನ ಮಾತ್ರ. ಒಂದೇ ದಿನ ಹರಿದುಬಂದ ರಕ್ತ ಮುಂದಿನ ಋತುವಿಗೆ ಉಳಿಯದು. ಆರೋಗ್ಯವಂತ ಪುರುಷರು 3 ತಿಂಗಳಿಗೊಮ್ಮೆ, ಮಹಿಳೆಯರು 4 ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಸದಸ್ಯರ ಪಟ್ಟಿಯನ್ನು ನಾಲ್ಕು ತಂಡಗಳಾಗಿ ಹಂಚಿ, ವರ್ಷವಿಡೀ ಸರದಿಯಂತೆ ಕಳುಹಿಸಿದರೆ ರಕ್ತನಿಧಿಗೆ ನಿಜವಾದ ಉಪಕಾರವಾಗುತ್ತದೆ.

ಮನೆಯ ಲೆಕ್ಕ

ಮಕ್ಕಳ ಓದಿಗೆಂದು ತಿಂಗಳು ತಿಂಗಳೂ ರಿಕರಿಂಗ್ ಡಿಪಾಜಿಟ್ ಕಟ್ಟುವ ಗೃಹಸ್ಥನಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಾರಂಭದಲ್ಲಿಯೇ ದಾನಕ್ಕೆಂದು ಒಂದು ಮೊತ್ತವನ್ನು ತೆಗೆದಿಡುವುದು ಉತ್ತಮ. ಅದರಲ್ಲಿ ಮೂರರಲ್ಲಿ ಎರಡು ಪಾಲು, ವಿಚಾರಿಸಿ ಆಯ್ದ ಒಂದೆರಡು ಸಂಸ್ಥೆಗಳಿಗೆ ತಿಂಗಳಿಗೊಮ್ಮೆ ತಾನಾಗಿಯೇ ಸಲ್ಲುವಂತೆ ಬ್ಯಾಂಕಿಗೆ ಸೂಚನೆ ಕೊಡಬಹುದು. ಉಳಿದ ಒಂದು ಪಾಲು ಹೃದಯದ ಕರೆಗೆ ಮೀಸಲಾಗಿರಲಿ. ಚಿತ್ರ ಕಂಡು ಕರಗುವುದು ಪಾಪವೇನೂ ಅಲ್ಲ. ಕೊಡುವ ಮುನ್ನ ಸಂಸ್ಥೆಯ ನೋಂದಣಿ, ಲೆಕ್ಕಪರಿಶೋಧಕರ ವರದಿ, ರಸೀದಿ ಇವನ್ನು ಕೇಳಲು ಸಂಕೋಚ ಪಡಬಾರದು. ಒಬ್ಬ ರೋಗಿಗಾಗಿ ಕೊಡುವುದಾದರೆ, ಸಾಧ್ಯವಾದಮಟ್ಟಿಗೆ ಹಣವನ್ನು ನೇರವಾಗಿ ಆಸ್ಪತ್ರೆಯಲ್ಲಿ ಆ ರೋಗಿಯ ಲೆಕ್ಕಕ್ಕೇ ಕಟ್ಟುವುದು ಕ್ಷೇಮ.

ಹನಿ ಹನಿಗೂಡಿದರೆ ಹಳ್ಳವೆಂಬ ಗಾದೆಯಲ್ಲಿ ಹನಿಯ ಗಾತ್ರದ ಮಾತಿಲ್ಲ. ಅದು ನಿಲ್ಲದೆ ಬೀಳುವುದರ ಮಹತ್ವವಿದೆ. ಒಂದು ದಿನದ ಜಡಿಮಳೆ ಅಂಗಳವನ್ನು ತೊಳೆದು ಹೋಗುತ್ತದೆ. ಬೆಳೆ ಬರುವುದು ಹದವಾಗಿ ಸುರಿವ ಮಳೆಗೆ. ಈ ತಿಂಗಳು ಯಾವುದೋ ಚಾಳಿನ ಕತ್ತಲ ಕೋಣೆಗೆ ತಲಪಿದ ಅಕ್ಕಿಯ ಚೀಲ ಮುಂದಿನ ತಿಂಗಳೂ ತಲಪಬೇಕು. ಅದನ್ನು ತಲಪಿಸಿದ ಕೈ ಯಾರದೆಂಬುದು ಯಾರಿಗೂ ತಿಳಿಯದಿದ್ದರೂ ಆ ಮನೆಯ ಒಲೆ ಉರಿಯುತ್ತದೆ.