ಅಗ್ಗದ ಕಾರಿನ ಅಪಕೀರ್ತಿ

ವಸ್ತುವೊಂದರ ಬೆಲೆಯನ್ನು ತಿಳಿಯುವುದು ಸುಲಭ. ಅದರ ಯೋಗ್ಯತೆಯನ್ನು ಅರಿಯುವುದು ಕಷ್ಟ. ಬೆಲೆಯನ್ನು ಅಂಗಡಿಯಲ್ಲಿಯೇ ಕೇಳಿ ತಿಳಿಯಬಹುದು. ಯೋಗ್ಯತೆಯಾದರೋ ವಸ್ತುವನ್ನು ಬಳಸುತ್ತ ಹೋದಂತೆ ಬೆಳಕಿಗೆ ಬರುತ್ತದೆ. ‘ಅಗ್ಗವೆಂದು ಮುಗ್ಗಿದ ಜೋಳ ಕೊಂಡ’ ಎಂಬ ಗಾದೆಯು ನಮ್ಮ ಹಿರಿಯರ ಇಂತಹ ಅನುಭವದಿಂದಲೇ ಹುಟ್ಟಿರಬೇಕು. ಈ ಗಾದೆಗೆ ದೂರದ ಅಮೆರಿಕದಲ್ಲಿ ದೊರೆತ ಒಂದು ನಿದರ್ಶನವೆಂದರೆ ‘ಯೂಗೊ’ ಎಂಬ ಪುಟ್ಟ ಕಾರಿನ ಕಥೆ.

ಯೂಗೊ ಕಾರಿನ ತವರು ಯುಗೋಸ್ಲಾವಿಯ. ಆ ಹೆಸರಿನ ದೇಶ ಇಂದು ಇಲ್ಲ. ಅದು ಒಡೆದು ಹಲವು ದೇಶಗಳಾಗಿವೆ. ಅವುಗಳಲ್ಲೊಂದಾದ ಸರ್ಬಿಯದಲ್ಲಿ ಕ್ರಾಗುಯೆವಾಟ್ಸ್ ಎಂಬ ಪಟ್ಟಣವಿದೆ. 1853ರಲ್ಲಿ ಅಲ್ಲಿ ಫಿರಂಗಿಗಳನ್ನು ಎರಕಹೊಯ್ಯುವ ಕಾರ್ಖಾನೆಯೊಂದು ಆರಂಭವಾಯಿತು. ಕಾಲಕ್ರಮದಲ್ಲಿ ‘ಜಾಸ್ತವ’ ಎಂಬ ಹೆಸರನ್ನು ಪಡೆದ ಆ ಸಂಸ್ಥೆಯು 1954ರಲ್ಲಿ ಇಟಲಿಯ ಫಿಯಟ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಕಾರುಗಳ ತಯಾರಿಕೆಗೆ ಕೈಹಾಕಿತು. ನಮ್ಮ ದೇಶದಲ್ಲಿಯೂ ಮುಂಬಯಿಯ ಪ್ರೀಮಿಯರ್ ಸಂಸ್ಥೆಯು ಫಿಯಟ್ಟಿನ ಮಾದರಿಯಿಂದಲೇ ಕಾರುಗಳನ್ನು ತಯಾರಿಸಿ ಬಹುಕಾಲ ಮಾರಿದ್ದುಂಟು. ಜಾಸ್ತವ ಕಾರ್ಖಾನೆಯು 1980ರಲ್ಲಿ ಹೊರತಂದ ಚಿಕ್ಕ ಕಾರೇ ಯೂಗೊ. ಅದಕ್ಕೆ ಆಧಾರವಾಗಿದ್ದುದು ಫಿಯಟ್ 127 ಎಂಬ ಕಾರು. 1971ರಲ್ಲಿ ಹೊರಬಂದ ಆ ಕಾರು ತನ್ನ ಕಾಲದಲ್ಲಿ ಯೂರೋಪಿನ ಮೆಚ್ಚುಗೆಯನ್ನು ಗಳಿಸಿತ್ತು.

ಈ ಕಾರು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕಕ್ಕೆ ಹೋದುದು ಎರಡು ಅಗತ್ಯಗಳ ಕಾರಣದಿಂದ. 1980ರ ದಶಕದಲ್ಲಿ ಯುಗೋಸ್ಲಾವಿಯವು ವಿದೇಶಿ ಸಾಲದ ಭಾರದಿಂದ ಬಳಲುತ್ತಿತ್ತು. ಆ ಸಾಲವನ್ನು ತೀರಿಸಲು ಅದಕ್ಕೆ ಡಾಲರುಗಳು ಬೇಕಾಗಿದ್ದವು. ಅತ್ತ ಅಮೆರಿಕದಲ್ಲಿ 1973 ಮತ್ತು 1979ರ ತೈಲ ಬಿಕ್ಕಟ್ಟುಗಳ ತರುವಾಯ ಅನೇಕರ ಒಲವು ಚಿಕ್ಕ ಕಾರುಗಳತ್ತ ತಿರುಗಿತ್ತು. ಆದರೆ ಹೊಸ ಕಾರುಗಳ ಬೆಲೆ ಏರುತ್ತಲೇ ಇದ್ದಿತು. ಈ ಸಂದರ್ಭವನ್ನು ಗುರುತಿಸಿದವನು ಮಾಲ್ಕಮ್ ಬ್ರಿಕ್ಲಿನ್ ಎಂಬ ಅಮೆರಿಕದ ಉದ್ಯಮಿ. ಜಪಾನಿನ ಸುಬಾರು ಕಾರುಗಳನ್ನು ಅಮೆರಿಕಕ್ಕೆ ತಂದವರಲ್ಲಿ ಅವನೂ ಒಬ್ಬ. 1985ರಲ್ಲಿ ಅವನು ಯೂಗೊ ಕಾರನ್ನು 3,990 ಡಾಲರುಗಳ ಬೆಲೆಗೆ ಮಾರಾಟಕ್ಕಿಟ್ಟನು. ಅಂದು ಅಮೆರಿಕದಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಹೊಸ ಕಾರು ಇರಲಿಲ್ಲ. ಜನರು ಉತ್ಸಾಹದಿಂದ ಮುಗಿಬಿದ್ದರು. 1987ರ ಒಂದೇ ವರ್ಷದಲ್ಲಿ ಸುಮಾರು 48 ಸಾವಿರ ಕಾರುಗಳು ಮಾರಾಟವಾದವು.

ಆದರೆ ಆ ಉತ್ಸಾಹ ಬಹುಕಾಲ ಉಳಿಯಲಿಲ್ಲ. ಗ್ರಾಹಕರ ಪರವಾಗಿ ವಸ್ತುಗಳನ್ನು ಪರೀಕ್ಷಿಸುವ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯು ಈ ಕಾರನ್ನು 1986ರಲ್ಲಿಯೇ ಕಟುವಾಗಿ ಟೀಕಿಸಿತು. ಇದಕ್ಕಿಂತ ಚೆನ್ನಾಗಿರುವ ಹಳೆಯ ಕಾರೊಂದನ್ನು ಕೊಳ್ಳುವುದೇ ಮೇಲೆಂಬುದು ಅದರ ಅಭಿಪ್ರಾಯವಾಗಿತ್ತು. ಕೊಂಡವರ ಅನುಭವವೂ ಹಲವೆಡೆ ಹಾಗೆಯೇ ಇದ್ದಿತು. ಗೇರು ಬದಲಿಸುವುದು ಪ್ರಯಾಸದ ಕೆಲಸವಾಗಿತ್ತು. ವಿದ್ಯುತ್ ವ್ಯವಸ್ಥೆ ಆಗಾಗ ಕೈಕೊಡುತ್ತಿತ್ತು. ಒಳಭಾಗದ ಪ್ಲಾಸ್ಟಿಕ್ಕಿನ ಬಿಡಿಭಾಗಗಳು ಸಡಿಲವಾಗಿ ಕಳಚಿ ಬರುತ್ತಿದ್ದವು. ಇವೆಲ್ಲವೂ ಜೋಡಣೆಯಲ್ಲಿ ತೋರಿದ ಅಲಕ್ಷ್ಯದ ಫಲಗಳು. ಕಾರಿನ ಸಾವಿರಾರು ಭಾಗಗಳಲ್ಲಿ ಪ್ರತಿಯೊಂದನ್ನೂ ಅಳತೆಗೆ ಸರಿಯಾಗಿ ತಯಾರಿಸಿ, ಸರಿಯಾಗಿ ಕೂರಿಸಿ, ಮತ್ತೊಮ್ಮೆ ಪರಿಶೀಲಿಸದಿದ್ದರೆ, ಕಾರ್ಖಾನೆಯಲ್ಲಿ ಕಣ್ಣಿಗೆ ಬೀಳದ ದೋಷವು ರಸ್ತೆಯಲ್ಲಿ ಪ್ರಕಟವಾಗುತ್ತದೆ.

ಯೂಗೊ ಕಾರಿನ ಹೆಸರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೆಡಿಸಿದುದು ಒಂದು ರಬ್ಬರಿನ ಪಟ್ಟಿ. ಎಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಚಲಿಸುತ್ತಿರುತ್ತವೆ. ಅವುಗಳ ಮೇಲ್ಭಾಗದಲ್ಲಿರುವ ಕವಾಟಗಳು ಇಂಧನದ ಮಿಶ್ರಣವನ್ನು ಒಳಗೆ ಬಿಡಲು ಮತ್ತು ಉರಿದ ಹೊಗೆಯನ್ನು ಹೊರಗೆ ಕಳಿಸಲು ತೆರೆದು ಮುಚ್ಚುತ್ತವೆ. ಈ ಎರಡು ಚಲನೆಗಳೂ ತಾಳ ತಪ್ಪದೆ ನಡೆಯುವಂತೆ ನೋಡಿಕೊಳ್ಳುವುದು ಟೈಮಿಂಗ್ ಬೆಲ್ಟ್ ಎಂದು ಕರೆಯಲಾಗುವ, ಹಲ್ಲುಗಳುಳ್ಳ ಪಟ್ಟಿ. ಕೆಲವು ಎಂಜಿನ್ನುಗಳಲ್ಲಿ ಈ ಪಟ್ಟಿ ಹರಿದರೆ ಕಾರು ನಿಲ್ಲುತ್ತದೆ, ಅಷ್ಟೆ. ಹೊಸ ಪಟ್ಟಿಯನ್ನು ಹಾಕಿದರೆ ಮತ್ತೆ ಓಡುತ್ತದೆ. ಯೂಗೊ ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ತೆರೆದ ಕವಾಟಕ್ಕೂ ನಡುವೆ ಅಷ್ಟು ತೆರವು ಇರಲಿಲ್ಲ. ಪಟ್ಟಿ ಹರಿದೊಡನೆ ಪಿಸ್ಟನ್ನು ಕವಾಟಕ್ಕೆ ಬಡಿದು, ಕವಾಟವು ಬಾಗಿ, ಎಂಜಿನ್ನೇ ಕೆಡುತ್ತಿತ್ತು. ಆದುದರಿಂದ ಪ್ರತಿ 40 ಸಾವಿರ ಮೈಲಿಗೆ, ಎಂದರೆ ಸುಮಾರು 64 ಸಾವಿರ ಕಿಲೋಮೀಟರುಗಳಿಗೆ ಒಮ್ಮೆ ಪಟ್ಟಿಯನ್ನು ಬದಲಿಸಬೇಕಾಗಿತ್ತು.

ಅನೇಕರು ಅದನ್ನು ಬದಲಿಸಲಿಲ್ಲ. ಅಗ್ಗದ ವಸ್ತುವಿಗೆ ಆರೈಕೆಯೂ ಕಡಿಮೆ ಸಾಕೆಂಬ ಭಾವನೆ ಮನುಷ್ಯರಲ್ಲಿ ಸಹಜ. ಕಾರಿಗೇ ಹೆಚ್ಚು ಹಣ ಕೊಡದವರು ಅದರ ದುರಸ್ತಿಗೆ ಹಣ ಸುರಿಯಲು ಹಿಂಜರಿದರು. ಹೀಗೆ ತಯಾರಕರ ಅಲಕ್ಷ್ಯಕ್ಕೆ ಬಳಸುವವರ ಅಲಕ್ಷ್ಯವೂ ಸೇರಿತು. ಇದರ ಜೊತೆಗೆ, ಯುಗೋಸ್ಲಾವಿಯದ ಊರುಗಳ ನಡುವೆ ಓಡಾಡಲು ತಕ್ಕುದಾಗಿದ್ದ ಚಿಕ್ಕ ಕಾರು ಅಮೆರಿಕದ ವಿಶಾಲ ಹೆದ್ದಾರಿಗಳಲ್ಲಿ ದೊಡ್ಡ ಕಾರುಗಳ ನಡುವೆ ದಿನವಿಡೀ ವೇಗವಾಗಿ ಓಡಬೇಕಾಯಿತು.

ಕಾರಿನ ದೋಷಗಳು ನಗೆಹನಿಗಳಾಗಿ ಬಾಯಿಂದ ಬಾಯಿಗೆ ಹರಡಿದವು. ‘ಯೂಗೊ ಕಾರಿನ ಹಿಂಬದಿಯ ಗಾಜನ್ನು ಬಿಸಿಮಾಡುವ ತಂತಿಗಳೇಕೆ? ಕಾರನ್ನು ತಳ್ಳುವವರ ಕೈಗಳು ಬೆಚ್ಚಗಿರಲೆಂದು’ ಎಂಬುದು ಅವುಗಳಲ್ಲೊಂದು. ‘ಯೂಗೊ ಕಾರಿನ ಬೆಲೆಯನ್ನು ಇಮ್ಮಡಿಗೊಳಿಸುವುದು ಹೇಗೆ? ಪೆಟ್ರೋಲು ತುಂಬಿಸುವುದರಿಂದ’ ಎಂಬುದು ಇನ್ನೊಂದು. ಎಂತಹ ಜಾಹೀರಾತೂ ಇಂತಹ ನಗೆಯನ್ನು ಅಳಿಸಲಾರದು. ಕೆಟ್ಟ ಕಾರನ್ನು ದುರಸ್ತಿ ಮಾಡಬಹುದು. ಕೆಟ್ಟ ಹೆಸರನ್ನು ದುರಸ್ತಿ ಮಾಡುವ ಕಾರ್ಯಾಗಾರ ಎಲ್ಲಿಯೂ ಇಲ್ಲ. ಕಾರನ್ನು ಆಮದು ಮಾಡಿಕೊಳ್ಳುತ್ತಿದ್ದ ಕಂಪನಿಯು 1989ರಲ್ಲಿ ದಿವಾಳಿಯಾಯಿತು. ಯುಗೋಸ್ಲಾವಿಯದಲ್ಲಿ ಅಂತರ್ಯುದ್ಧವು ಭುಗಿಲೆದ್ದು, 1992ರಲ್ಲಿ ವಿಶ್ವಸಂಸ್ಥೆಯು ವ್ಯಾಪಾರ ನಿರ್ಬಂಧವನ್ನು ಹೇರಿದಾಗ ಅಮೆರಿಕಕ್ಕೆ ಕಾರುಗಳ ರಫ್ತು ಸಂಪೂರ್ಣವಾಗಿ ನಿಂತಿತು. ಅಷ್ಟರಲ್ಲಿ ಅಲ್ಲಿ ಮಾರಾಟವಾಗಿದ್ದ ಯೂಗೊ ಕಾರುಗಳು ಸುಮಾರು 1 ಲಕ್ಷ 41 ಸಾವಿರ.

ಯೂಗೊ ಕಾರಿನ ಪರವಾಗಿ ಹೇಳಬೇಕಾದ ಮಾತೂ ಉಂಟು. ತವರಿನಲ್ಲಿ ಅದನ್ನು ಯಾರೂ ಕೇವಲ ನಗೆಯ ವಸ್ತುವೆಂದು ಎಣಿಸಲಿಲ್ಲ. ಮೊದಲ ಬಾರಿಗೆ ಕಾರು ಕೊಂಡ ಎಷ್ಟೋ ಸಾಮಾನ್ಯ ಕುಟುಂಬಗಳಿಗೆ ಅದು ಹೆಮ್ಮೆಯ ಆಸ್ತಿಯಾಗಿತ್ತು. ಅದರ ರಚನೆ ಸರಳ; ಸ್ವಲ್ಪ ಅನುಭವವಿದ್ದವರು ಮನೆಯ ಮುಂದೆಯೇ ಅದನ್ನು ಬಿಚ್ಚಿ ಸರಿಪಡಿಸಬಲ್ಲವರಾಗಿದ್ದರು. 1999ರಲ್ಲಿ ನ್ಯಾಟೊ ವಿಮಾನಗಳು ಕ್ರಾಗುಯೆವಾಟ್ಸ್ ಕಾರ್ಖಾನೆಯ ಮೇಲೆ ಬಾಂಬು ಸುರಿಸಿದ ಬಳಿಕವೂ ಕಾರ್ಮಿಕರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. 2008ರ ನವೆಂಬರಿನಲ್ಲಿ ಕೊನೆಯ ಯೂಗೊ ಹೊರಬರುವ ವೇಳೆಗೆ ತಯಾರಾದ ಒಟ್ಟು ಕಾರುಗಳು 7 ಲಕ್ಷ 94 ಸಾವಿರಕ್ಕೂ ಹೆಚ್ಚು. ಕಾರ್ಖಾನೆಗೆ ಹೊಸ ರೂಪ ಕೊಟ್ಟು 2012ರಿಂದ ಅಲ್ಲಿ ಹೊಸ ಕಾರುಗಳನ್ನು ತಯಾರಿಸತೊಡಗಿದ್ದು ಅದೇ ಫಿಯಟ್ ಕಂಪನಿ.

ಹಾಗಾದರೆ ಕೆಟ್ಟ ಹೆಸರು ಬಂದ ಮೇಲೆ ಏಳಿಗೆಯೇ ಇಲ್ಲವೆ? ಇತಿಹಾಸವು ಹಾಗೆ ಹೇಳುವುದಿಲ್ಲ. ಜಪಾನಿನ ಟೊಯೋಟ ಸಂಸ್ಥೆಯು 1957ರಲ್ಲಿ ಮೊದಲ ಬಾರಿಗೆ ಅಮೆರಿಕಕ್ಕೆ ಕಳಿಸಿದ ಕಾರು ಅಲ್ಲಿನ ಹೆದ್ದಾರಿಗಳ ವೇಗವನ್ನು ತಾಳಲಾರದೆ ಹೋಯಿತು. ಸಂಸ್ಥೆಯು ಅದರ ರಫ್ತನ್ನು ಕೆಲವೇ ವರ್ಷಗಳಲ್ಲಿ ನಿಲ್ಲಿಸಿ, ತನ್ನ ಕೊರತೆಗಳನ್ನು ತಿದ್ದಿಕೊಂಡು, 1965ರಲ್ಲಿ ಉತ್ತಮವಾದ ಕಾರಿನೊಡನೆ ಮತ್ತೆ ಹೋಯಿತು. ಅದೇ ಟೊಯೋಟ ಇಂದು ಕರ್ನಾಟಕದ ಬಿಡದಿಯಲ್ಲಿಯೂ ಕಾರುಗಳನ್ನು ತಯಾರಿಸುತ್ತಿದೆ. ಕೊರಿಯದ ಹ್ಯೂಂಡೈ 1986ರಲ್ಲಿ ಅಗ್ಗದ ಕಾರಿನೊಡನೆಯೇ ಅಮೆರಿಕವನ್ನು ಪ್ರವೇಶಿಸಿ, ದೂರುಗಳನ್ನೂ ಪರಿಹಾಸ್ಯವನ್ನೂ ಎದುರಿಸಿತು. ಅದು 1998ರಲ್ಲಿ ಎಂಜಿನ್ನಿಗೆ ಹತ್ತು ವರ್ಷಗಳ ಖಾತರಿಯನ್ನು ಕೊಡುವುದಾಗಿ ಪ್ರಕಟಿಸಿತು. ಇಂತಹ ಮಾತು ಕೊಟ್ಟವರು ಹತ್ತು ವರ್ಷ ಬಾಳುವ ಎಂಜಿನ್ನನ್ನು ತಯಾರಿಸಲೇಬೇಕಷ್ಟೆ.

ಕಡಿಮೆ ಬೆಲೆಯ ಕಾರನ್ನು ತಯಾರಿಸಿದುದು ಯೂಗೊ ಸಂಸ್ಥೆಯ ತಪ್ಪಲ್ಲ. ಬಡವರ ಕೈಗೆಟುಕುವ ವಸ್ತುವನ್ನು ತಯಾರಿಸುವುದು ಒಳ್ಳೆಯ ಉದ್ದೇಶವೇ ಸರಿ. ಆದರೆ ಉಳಿತಾಯವು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ವಿವೇಕ ತಯಾರಕನಿಗಿರಬೇಕು. ಅಲಂಕಾರದಲ್ಲಿ ಉಳಿಸಿದರೆ ಗ್ರಾಹಕನು ಕ್ಷಮಿಸುತ್ತಾನೆ. ಕೆಲಸದ ಶ್ರದ್ಧೆಯಲ್ಲಿ ಉಳಿಸಿದರೆ ಕ್ಷಮಿಸುವುದಿಲ್ಲ. ದೂರದ ಕಾರ್ಖಾನೆಯಲ್ಲಿ ಒಬ್ಬನು ಅರೆಮನಸ್ಸಿನಿಂದ ಬಿಗಿದ ತಿರುಪು, ಅವನನ್ನು ಎಂದೂ ಕಾಣದ ಇನ್ನೊಬ್ಬನನ್ನು ನಡುದಾರಿಯಲ್ಲಿ ನಿಲ್ಲಿಸಬಲ್ಲದು. ಆಗ ಕೆಡುವುದು ಆ ಕೆಲಸಗಾರನ ಹೆಸರಷ್ಟೇ ಅಲ್ಲ, ಅವನ ನಾಡಿನ ಹೆಸರೂ ಕೆಡುತ್ತದೆ.