ಎಣ್ಣೆಯಲ್ಲಿ ಮುಳುಗಿಯೂ ಜಾರದ ಕ್ಲಚ್!

ಆಗುಂಬೆ ಘಾಟಿ. 14 ಹೇರ್‌ಪಿನ್ ತಿರುವು. ಸೋಮೇಶ್ವರದ ಕಡೆಯಿಂದ ಡಬಲ್ ಸವಾರಿಯಲ್ಲಿ ಹತ್ತುತ್ತಿದ್ದೀರಿ. ಆಕ್ಸಿಲರೇಟರ್ ತಿರುವಿದಿರಿ. ಎಂಜಿನ್ ಅಬ್ಬರಿಸಿತು! ಗಾಡಿ ಮಾತ್ರ ಎಳೆಯಲೊಲ್ಲದು!

ಆ ಬಲವೆಲ್ಲ ಎಲ್ಲಿ ಹೋಯಿತು? ಊಹಿಸಿ ನೋಡೋಣ.

ಪೆಟ್ರೋಲ್ ಇದೆ. ಪ್ಲಗ್ ಸರಿಯಿದೆ. ಚೈನ್ ಬಿಗಿಯಾಗಿದೆ. ಆಯಿಲ್ಲೂ ಹೊಸದು. ಅದೂ ಅಂತಿಂಥದ್ದಲ್ಲ, ಕಾರಿಗೆ ಹಾಕುವ ದುಬಾರಿ ಸಿಂಥೆಟಿಕ್!

ಸಿಕ್ಕಿಬಿದ್ದ ಕಳ್ಳ!

ಕ್ಲಚ್ ಕವರ್ ಬಿಚ್ಚಿ ಒಳಗೆ ಇಣುಕಿ. ಒಂದು ಫ್ರಿಕ್ಷನ್ ಪ್ಲೇಟ್, ಒಂದು ಸ್ಟೀಲ್ ಪ್ಲೇಟ್, ಮತ್ತೆ ಫ್ರಿಕ್ಷನ್, ಮತ್ತೆ ಸ್ಟೀಲ್. ಮೇಲಿಂದ ಸ್ಪ್ರಿಂಗ್‌ಗಳ ಒತ್ತು. ಅಷ್ಟೇ! ಒಂದು ಪ್ಲೇಟನ್ನು ಇನ್ನೊಂದಕ್ಕೆ ಬೆಸೆಯುವ ನಟ್ಟಿಲ್ಲ, ಬೋಲ್ಟಿಲ್ಲ. ಎಂಜಿನ್ನಿನ ಅಷ್ಟೂ ಬಲ ಬರೀ ತಿಕ್ಕಾಟದ ಮೂಲಕ ಗೇರಿಗೆ ದಾಟಬೇಕು.

ಆ ಫ್ರಿಕ್ಷನ್ ಪ್ಲೇಟಿಗೆ ಅಂಟಿಸಿರುವುದು ಏನು, ಹೇಳಿ? ಉಕ್ಕೇ? ತಾಮ್ರವೇ? ಎಷ್ಟೋ ಬೈಕ್‌ಗಳಲ್ಲಿ ಅದು ಕಾಗದ! ಹೌದು, ಕಾಗದದ ನಾರನ್ನು ರೆಸಿನ್‌ನಲ್ಲಿ ಅದ್ದಿ ಗಟ್ಟಿ ಮಾಡಿದ್ದು. ಹಳೆಯ ಗಾಡಿಗಳಲ್ಲಂತೂ ಕಾರ್ಕ್. ಬಾಟಲಿಯ ಬಿರಡೆಗೆ ಬಳಸುವ ಅದೇ ಕಾರ್ಕ್!

ಇನ್ನೂ ಇದೆ ಕೇಳಿ. ಈ ಇಡೀ ಅಟ್ಟಿ ಎಂಜಿನ್ ಆಯಿಲ್‌ನಲ್ಲೇ ನೆನೆದಿರುತ್ತದೆ! ಗೇರ್ ಹಾಕಿ ಓಡಿಸುವ ಕಾರುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಒಣಗಿಯೇ ಇರುತ್ತದೆ, ಗೇರಿಗೆ ಬೇರೆಯೇ ಎಣ್ಣೆ. ಬಹುತೇಕ ಬೈಕ್‌ಗಳಲ್ಲಿ ಪಿಸ್ಟನ್, ಗೇರ್, ಕ್ಲಚ್ ಮೂರಕ್ಕೂ ಒಂದೇ. ಪಿಸ್ಟನ್ ಹತ್ತಿರ ಅದು ಜಾರಿಸಬೇಕು. ಒಂದು ಗೇಣು ಆಚೆ, ಕ್ಲಚ್‌ನಲ್ಲಿ, ಜಾರಿಸಲೇಕೂಡದು. ಒಂದೇ ಎಣ್ಣೆಗೆ ಎರಡು ವಿರುದ್ಧ ಆಜ್ಞೆ!

ಅದು ಹೇಗೆ ಸಾಧ್ಯ? ಸ್ಪ್ರಿಂಗ್ ಒತ್ತಿದೊಡನೆ ಪ್ಲೇಟುಗಳ ನಡುವಿನ ಎಣ್ಣೆ ಫ್ರಿಕ್ಷನ್ ಪ್ಲೇಟಿನ ಗೀರುಗಳ ಗುಂಟ ಹೊರಗೆ ಹರಿದುಹೋಗುತ್ತದೆ. ಉಳಿಯುವುದು ಮೈಗಂಟಿದ ಒಂದು ಪೊರೆ. ಅದರ ದಪ್ಪ ಅಳೆಯುವುದು ನ್ಯಾನೋಮೀಟರ್‌ಗಳಲ್ಲಿ! ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಪಾಲು. ನೀವು ಘಾಟಿ ಹತ್ತುವುದೋ ಬಿಡುವುದೋ ಆ ಪೊರೆಯ ಕೈಯಲ್ಲಿದೆ.

ಮೈಲೇಜ್ ಹೆಚ್ಚಲೆಂದು ಕಾರಿನ ಎಷ್ಟೋ ಆಯಿಲ್‌ಗಳಿಗೆ ಫ್ರಿಕ್ಷನ್ ಮಾಡಿಫೈಯರ್ ಬೆರೆಸುತ್ತಾರೆ. ಮಾಲಿಬ್ಡಿನಮ್ ಸಂಯುಕ್ತಗಳು ಆ ಪೈಕಿ. ಅವು ಲೋಹಕ್ಕೆ ಅಂಟಿ ನುಣುಪಾಗಿಸುತ್ತವೆ. ಎಂಜಿನ್ನಿಗೆ ಹಬ್ಬ, ಕ್ಲಚ್ಚಿಗೆ ಗ್ರಹಚಾರ!

ಈ ಪೇಚು ಬಿಡಿಸಲು ಜಪಾನಿನವರು 1998ರಲ್ಲಿ ಒಂದು ಮಾನದಂಡ ತಂದರು: ಜಾಸೋ ಟಿ 903. ಇಲ್ಲಿ ಎಣ್ಣೆಗೇ ಪರೀಕ್ಷೆ! ಪ್ಲೇಟ್ ಜಾರುವಾಗ ಹಿಡಿತ ಎಷ್ಟು, ಕಚ್ಚಿ ನಿಂತಾಗ ಎಷ್ಟು, ನಿಲ್ಲಲು ಹೊತ್ತೆಷ್ಟು, ಎಲ್ಲ ಅಳೆಯುತ್ತಾರೆ. ಹಿಡಿತ ಹೆಚ್ಚಿದ್ದರೆ ಎಂಎ. ಕಡಿಮೆಯಿದ್ದರೆ ಎಂಬಿ. 2006ರಲ್ಲಿ ಎಂಎ ಮತ್ತೆ ಎರಡಾಯಿತು. ಎಂಎ2 ಹಿಡಿತದಲ್ಲಿ ಮೇಲು.

ಹಾಗಾದರೆ ಎಂಬಿ ಯಾರಿಗೆ? ನಿಮ್ಮ ಮನೆಯ ಗೇರಿಲ್ಲದ ಸ್ಕೂಟರಿಗೆ! ಅದರ ಕ್ಲಚ್ ಬೆಲ್ಟಿನ ಪಕ್ಕ ಒಣಗಿಯೇ ಇರುತ್ತದೆ. ಎಂಜಿನ್ ಆಯಿಲ್ ಎಷ್ಟೇ ಜಾರಲಿ, ಅದಕ್ಕೇನು?

ಈಗ ಅಸಲಿ ಬಲೆ. ಡಬ್ಬದ ಮೇಲೆ 10ಡಬ್ಲ್ಯು-30 ಎಂದಿದೆ. ಬೈಕಿನ ಕೈಪಿಡಿಯಲ್ಲೂ ಅದೇ. ಕಣ್ಣು ಮುಚ್ಚಿ ಸುರಿಯಬಹುದೇ? ಬೇಡ! ಕಾರಿನ ಆಯಿಲ್‌ಗೂ ಅದೇ ಅಂಕಿ ಇರುತ್ತದೆ. ಅದು ಹೇಳುವುದು ಎಣ್ಣೆ ಎಷ್ಟು ಮಂದ ಎಂದಷ್ಟೇ, ಹಿಡಿತದ ಸುದ್ದಿ ಅದರಲ್ಲಿ ಒಂದಿಷ್ಟೂ ಇಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಎಣ್ಣೆಯ ತಲೆಗೆ ಕಟ್ಟುವುದೂ ಅನ್ಯಾಯ. ಸ್ಪ್ರಿಂಗ್ ಗಟ್ಟಿಯಿರುವ ಬೈಕ್ ಕಾರಿನ ಆಯಿಲ್ಲನ್ನೂ ತಡೆದುಕೊಂಡೀತು. ಕೇಬಲ್ ಬಿಗಿಯಾದರೂ, ಪ್ಲೇಟ್ ಸವೆದರೂ ಕ್ಲಚ್ ಸ್ಲಿಪ್ ಆಗುತ್ತದೆ. ಹೊಸ ಪ್ಲೇಟಿನ ದಪ್ಪವೇ ಸುಮಾರು 3 ಮಿಲಿಮೀಟರ್. ಅರ್ಧ ಮಿಲಿಮೀಟರ್ ಸವೆಯುವ ಹೊತ್ತಿಗೆ ಅದರ ಕಥೆ ಮುಗಿದಂತೆ!

ಆದ್ದರಿಂದ ಮೊದಲು ಕ್ಲಚ್ ಲಿವರ್ ಅಲ್ಲಾಡಿಸಿ ನೋಡಿ. ಎಷ್ಟೋ ಬೈಕ್‌ಗಳಿಗೆ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಫ್ರೀ ಪ್ಲೇ, ಅಂದರೆ ಸಡಿಲ, ಬೇಕು. ಅದು ಸರಿಯಿದ್ದರೆ ಆಯಿಲ್ ಬದಲಿಸಿ. ಪ್ಲೇಟ್ ಸುಟ್ಟಿರದಿದ್ದರೆ ಹಿಡಿತ ಮರಳುವುದುಂಟು. ಪ್ಲೇಟಿಗೆ ದುಡ್ಡು ಸುರಿಯುವುದು ಆಮೇಲೆ. ಮುಂದಿನ ಸರ್ವಿಸ್‌ನಲ್ಲಿ ಮೆಕ್ಯಾನಿಕ್ ಡಬ್ಬದ ಮುಚ್ಚಳ ತಿರುಗಿಸುವ ಮುನ್ನ ಒಮ್ಮೆ ಕೈಗೆ ತೆಗೆದುಕೊಂಡು ಹಿಂಬದಿ ನೋಡಿ. ಜಾಸೋ ಎಂಎ ಅಥವಾ ಎಂಎ2 ಕಂಡರೆ ಮಾತ್ರ ‘ಹಾಕಪ್ಪಾ’ ಅನ್ನಿ!