ಲಾಗಿನ್ ಆದವರೆಲ್ಲ ಎಲ್ಲವನ್ನೂ ನೋಡಬೇಕೆ?

ಬೆಂಗಳೂರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ಮೆಟ್ರೊ ತುಣುಕು 2023ರ ಅಕ್ಟೋಬರ್‌ನಲ್ಲಿ ಕೂಡಿಕೊಂಡಿತು. ಕೆ.ಆರ್. ಪುರದ ಪಿ.ಜಿ.ಯಲ್ಲಿದ್ದುಕೊಂಡು ಇಂದಿರಾನಗರ, ಹಲಸೂರಿಗೆ ನೇರಳೆ ಮಾರ್ಗದಲ್ಲಿ ಹೋಗಿಬರುವುದು ವಿದ್ಯಾರ್ಥಿಗಳಿಗೆ ಸಲೀಸಾಯಿತು. ರೂಮು ಹಿಡಿಯುವುದೂ ಈಗ ಮೊಬೈಲಿನಲ್ಲೇ: ಫೋಟೊ, ಆಧಾರ್, ಕಾಲೇಜಿನ ಐಡಿ, ಅಪ್ಪನ ಫೋನ್ ನಂಬರ್ ಅಪ್‌ಲೋಡ್ ಮಾಡಿ ಅಡ್ವಾನ್ಸ್ ಕಟ್ಟಿದರಾಯಿತು. ಯಾವ ಹುಡುಗಿ ಯಾವ ರೂಮಿನಲ್ಲಿದ್ದಾಳೆ ಎಂಬುದೂ ಸೇರಿ ಎಲ್ಲವೂ ಒಂದೇ ಡೇಟಾಬೇಸಿನಲ್ಲಿ.

ಅದು ಸೋರಲು ಸಿನಿಮಾದ ಹ್ಯಾಕರ್ ಬೇಕಿಲ್ಲ. ಲಾಗಿನ್ ಆದವಳಿಗೆ ತನ್ನ ಬಾಡಿಗೆ ರಸೀದಿ ಕಾಣುತ್ತದೆ. ಮೇಲಿನ ವೆಬ್ ವಿಳಾಸದ ಕೊನೆಗೆ 1047 ಎಂದಿದೆ ಎನ್ನಿ. ಅದನ್ನು 1048 ಮಾಡಿ ಎಂಟರ್ ಒತ್ತಿದರೆ ಇನ್ನೊಬ್ಬಳ ರಸೀದಿ, ಜೊತೆಗೆ ಅವಳ ಆಧಾರ್ ಪ್ರತಿ! ಸರ್ವರ್ ‘ನೀನು ಯಾರು’ ಎಂದು ಒಮ್ಮೆ ಕೇಳಿ ಸುಮ್ಮನಾಗಿದೆ, ‘ಈ ಕಡತ ನಿನ್ನದೇನು’ ಎಂದು ಕೇಳಿಲ್ಲ. ವಾಚ್‌ಮನ್ ಗೇಟು ತೆಗೆದನೆಂದು ಎಲ್ಲ ರೂಮುಗಳ ಬಾಗಿಲೂ ತೆರೆದುಕೊಂಡಂತಾಯಿತು. ವೆಬ್ ಸುರಕ್ಷತೆಯ ಒವಾಸ್ಪ್ ಸಂಸ್ಥೆಯ ಅಪಾಯಗಳ ಪಟ್ಟಿಯಲ್ಲಿ ಈ ಬಗೆಯ ದೋಷ 2017ರಲ್ಲಿ 5ನೆಯದಾಗಿತ್ತು. 2021ರಲ್ಲಿ ಮೊದಲ ಸ್ಥಾನಕ್ಕೇರಿತು.

ಮದ್ದು ಸರಳ. ಪ್ರತಿ ಸಲ ಕಡತ ಕೇಳಿದಾಗಲೂ ಅದು ಯಾರದೆಂದು ಸರ್ವರ್ ತಾಳೆ ನೋಡಬೇಕು. 1048ರ ಬದಲು ಊಹೆಗೆ ಸಿಗದ ಉದ್ದನೆಯ ಸಂಕೇತ ಇಟ್ಟರೆ ಒಳ್ಳೆಯದೇ, ಆದರೆ ಅದನ್ನೇ ನೆಚ್ಚುವಂತಿಲ್ಲ. ಲಿಂಕು ವಾಟ್ಸಾಪಿನಲ್ಲಿ ಹರಿದಾಡಿದರೆ ಮುಗಿಯಿತು. ಪಿ.ಜಿ.ಯ ಸಿಬ್ಬಂದಿಗೂ ಇದೇ ನಿಯಮ: ಅಡುಗೆಯವರಿಗೆ ಊಟಕ್ಕೆ ಎಷ್ಟು ಜನ ಎಂಬ ಲೆಕ್ಕ ಸಾಕು, ಯಾರ ಆಧಾರೂ ಬೇಡ.

ಕಡಿಮೆ ಇಟ್ಟುಕೊಳ್ಳುವುದೂ ಸುರಕ್ಷತೆಯೇ. ಆಧಾರ್ ಪ್ರತಿಯನ್ನು ಕಂಡಕಂಡಲ್ಲಿ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಿ ಎಂದು 2022ರ ಮೇ 27ರಂದು ಪ್ರಕಟಣೆ ಹೊರಡಿಸಿದ್ದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ. ತಪ್ಪು ಅರ್ಥ ಬರಬಹುದೆಂದು ಕೇಂದ್ರ ಅದನ್ನು ಎರಡೇ ದಿನಕ್ಕೆ ಹಿಂಪಡೆಯಿತು. ಮಾಸ್ಕ್ಡ್ ಆಧಾರ್ ಸೌಲಭ್ಯ ಉಳಿದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯಂತೂ ಮಾಹಿತಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುತ್ತದೆ.

ಪಿ.ಜಿ. ಮಾಲೀಕರು ಸಾಫ್ಟ್‌ವೇರ್ ಕೊಳ್ಳುವ ಮುನ್ನ ಎರಡು ಡಮ್ಮಿ ಖಾತೆ ತೆರೆಸಲಿ. ಒಂದರಿಂದ ಲಾಗಿನ್ ಆಗಿ ಇನ್ನೊಂದರ ರಸೀದಿ ನಂಬರ್ ಹಾಕಿ ನೋಡಲಿ. ‘ಅನುಮತಿ ಇಲ್ಲ’ ಎಂದು ಬಾರದಿದ್ದರೆ ದುಡ್ಡು ಬಿಚ್ಚುವುದು ಬೇಡ.